ಕಿವಿಯಿಂದ ಮೀಟರಿಗೆ: ಇಂಜೆಕ್ಟರ್ ದೋಷ ಪತ್ತೆಯ ಕಥೆ

ಮಳೆಗಾಲದ ಒಂದು ಬೆಳಿಗ್ಗೆ ಕಳಸದಿಂದ ಕೊಟ್ಟಿಗೆಹಾರದ ಕಡೆಗೆ ಹೊರಟಿದ್ದೆ. ಏರಿನಲ್ಲಿ ಕಾರು ಎಳೆಯದಾಯಿತು. ಎಂಜಿನ್ ಕುಂಟುವ ಸದ್ದು, ಎದುರಿನ ಫಲಕದಲ್ಲಿ ಹಳದಿ ದೀಪ. ಎರಡೇ ವಾರದ ಹಿಂದೆ ದೂರದ ಊರಿನ ಗ್ಯಾರೇಜೊಂದರಲ್ಲಿ ಇದೇ ದೋಷಕ್ಕೆ ಮೂರನೆಯ ಸಿಲಿಂಡರಿನ ಇಂಜೆಕ್ಟರನ್ನು ಬದಲಿಸಿ ಸಾವಿರಾರು ರೂಪಾಯಿ ತೆತ್ತಿದ್ದೆ. ಮೆಲ್ಲಗೆ ಕಳಸಕ್ಕೆ ಹಿಂತಿರುಗಿ ಪರಿಚಯದ ಮೆಕ್ಯಾನಿಕ್ಕರ ಬಳಿ ನಿಲ್ಲಿಸಿದೆ. ಅವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿದರು. "ಒಂದು, ಎರಡು, ನಾಲ್ಕು ಟಿಕ್ ಟಿಕ್ ಅಂತಿವೆ ಸಾರ್. ಮೂರನೇದು ಮಾತಾಡ್ತಿಲ್ಲ" ಎಂದರು.

ಕಿವಿಯಿಂದ ದೋಷ ಹಿಡಿಯುವ ಈ ವಿದ್ಯೆ ಕಾಫಿ ತೋಟಗಳ ಡೀಸೆಲ್ ಜೀಪಿನ ಕಾಲದ್ದು. ಎಂಜಿನ್ ಓಡುತ್ತಿರುವಾಗ ಇಂಜೆಕ್ಟರಿಗೆ ಹೋಗುವ ಕೊಳವೆಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತಿದ್ದರು. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಕೆಲಸ ನಿಲ್ಲಿಸಿದೆ ಎಂದರ್ಥ. (ಇಂದಿನ ಕಾಮನ್ ರೈಲ್ ಡೀಸೆಲ್ ಎಂಜಿನ್‌ಗಳಲ್ಲಿ ಹೀಗೆ ಮಾಡಲೇಬಾರದು, ಅಲ್ಲಿನ ಒತ್ತಡ ವಾಯುಭಾರದ ಸಾವಿರ ಪಟ್ಟಿಗೂ ಹೆಚ್ಚಿರಬಲ್ಲದು.) ಡೀಸೆಲ್ ಇಂಜೆಕ್ಷನ್ ಪಂಪನ್ನು ಜರ್ಮನಿಯ ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ನಮಗೆಲ್ಲ ಪರಿಚಿತವಾದ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಅಂಥ ಪಂಪುಗಳನ್ನು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಆ ಹಳೆಯ ಪಂಪು ಪೂರ್ತಿ ಯಾಂತ್ರಿಕ. ಇಂಧನದ ಒತ್ತಡವೇ ಇಂಜೆಕ್ಟರಿನ ಸೂಜಿಯನ್ನು ಎತ್ತುತ್ತಿತ್ತು. ಅದಕ್ಕೆ ತಂತಿಯ ಗೊಡವೆಯಿರಲಿಲ್ಲ.

ತಂತಿ ಬಂದದ್ದು ಪೆಟ್ರೋಲ್ ಎಂಜಿನ್ನಿನ ಮೂಲಕ. ಅಮೆರಿಕದ ಬೆಂಡಿಕ್ಸ್ ಕಂಪನಿಯ 'ಎಲೆಕ್ಟ್ರೋಜೆಕ್ಟರ್' 1958ರ ಕೆಲವು ಕ್ರೈಸ್ಲರ್ ಕಾರುಗಳಲ್ಲಿ ಕಾಣಿಸಿಕೊಂಡಿತು. ಆಗಿನ ಎಲೆಕ್ಟ್ರಾನಿಕ್ ಬಿಡಿಭಾಗಗಳು ಎಂಜಿನ್ನಿನ ವಾತಾವರಣಕ್ಕೆ ತಾಳಲಿಲ್ಲ. ಬಹುಪಾಲು ಕಾರುಗಳು ಕಾರ್ಬ್ಯುರೇಟರಿಗೇ ಮರಳಿದವು. 1967ರಲ್ಲಿ ಬಾಷ್ ಕಂಪನಿಯ 'ಡಿ-ಜೆಟ್ರಾನಿಕ್' ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಯಶಸ್ವಿಯಾಯಿತು. ಹೊಗೆಯ ಮೇಲಿನ ಕಟ್ಟುಪಾಡುಗಳು ಬಿಗಿಯಾದಂತೆಲ್ಲ ಇಂಜೆಕ್ಷನ್ ಹರಡಿತು. ನಮ್ಮಲ್ಲಿ 2000ದಿಂದ ಭಾರತ್ ಸ್ಟೇಜ್ ಮಾನದಂಡಗಳು ಬಂದು ಕಾರುಗಳಿಂದ ಕಾರ್ಬ್ಯುರೇಟರ್ ಮರೆಯಾಯಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾದ ಮೇಲೆ ಹೊಸ ಬೈಕುಗಳಲ್ಲೂ ಬಹುತೇಕ ಅದೇ ಆಯಿತು.

ವಿದ್ಯುತ್ತಿನ ಇಂಜೆಕ್ಟರ್ ಎಂದರೆ ಏನು? ತಾಮ್ರದ ತಂತಿಯ ಒಂದು ಸುರುಳಿ, ಅದರ ಕಾಂತಕ್ಷೇತ್ರ ಎಳೆಯುವ ಒಂದು ಸಣ್ಣ ಕವಾಟ. ಸಾಮಾನ್ಯ ಪೆಟ್ರೋಲ್ ಇಂಜೆಕ್ಟರಿನ ಸುರುಳಿಯ ರೋಧ 12ರಿಂದ 16 ಓಮ್. ಕೀಲಿ ತಿರುಗಿಸಿದಾಗ ಒಂದು ತುದಿಗೆ ಬ್ಯಾಟರಿಯ 12 ವೋಲ್ಟ್ ಬರುತ್ತದೆ. ಇನ್ನೊಂದು ತುದಿಯನ್ನು ಎಂಜಿನ್ನಿನ ಕಂಪ್ಯೂಟರ್ ಕೆಲವು ಮಿಲಿಸೆಕೆಂಡುಗಳ ಕಾಲ ನೆಲಕ್ಕೆ, ಅಂದರೆ ಅರ್ಥಿಗೆ ಜೋಡಿಸಿ ಬಿಡುತ್ತದೆ. ನಾಲ್ಕು ಹೊಡೆತದ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪ್ರತಿ ಇಂಜೆಕ್ಟರ್ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಆ ಟಿಕ್ ಟಿಕ್ ಇದರದೇ.

ಈ ಮಂಡಲದ ಮೇಲೆ ಕಂಪ್ಯೂಟರ್ ಕಣ್ಣಿಟ್ಟಿರುತ್ತದೆ. ದೋಷವನ್ನು ವಾಹನವೇ ದಾಖಲಿಸಿಕೊಳ್ಳಬೇಕೆಂಬ ನಿಯಮವನ್ನು ಮೊದಲು ತಂದದ್ದು ಕ್ಯಾಲಿಫೋರ್ನಿಯ, 1988ರ ಮಾದರಿಯ ಕಾರುಗಳಿಗೆ. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಸಮಾನ ಸಂಕೇತಗಳು ಬಂದವು. ನನ್ನ ಕಾರು ತೋರಿಸಿದ್ದು 'ಪಿ0203'. ಇದರ ಅರ್ಥ 'ಮೂರನೆಯ ಇಂಜೆಕ್ಟರಿನ ಮಂಡಲದಲ್ಲಿ ದೋಷ' ಎಂದು. 'ಮೂರನೆಯ ಇಂಜೆಕ್ಟರ್ ಕೆಟ್ಟಿದೆ' ಎಂದಲ್ಲ. ಮೊದಲ ಗ್ಯಾರೇಜು ಎಡವಿದ್ದು ಈ ಒಂದು ಪದದಲ್ಲಿ.

ಕಳಸದ ಮೆಕ್ಯಾನಿಕ್ ಕ್ರಮವಾಗಿ ಹೋದರು. ಎಂಜಿನ್ ನಿಲ್ಲಿಸಿ, ಕನೆಕ್ಟರ್ ಕಳಚಿ ಸುರುಳಿಯ ರೋಧ ಅಳೆದರು: 13 ಓಮ್. ಸುರುಳಿ ಸರಿಯಿದೆ. ಕೀಲಿ ತಿರುಗಿಸಿ ಕನೆಕ್ಟರಿನ ಒಂದು ತುದಿ ನೋಡಿದರು: 12 ವೋಲ್ಟ್ ಬರುತ್ತಿದೆ. ಬಳಿಕ ಕನೆಕ್ಟರಿಗೆ ಎಲ್‌ಇಡಿ ಪರೀಕ್ಷಾ ದೀಪ ಸಿಕ್ಕಿಸಿ ಎಂಜಿನ್ ಓಡಿಸಿದರು. ದೀಪ ಮಿನುಗಲಿಲ್ಲ. ತಂತಿಯ ಕಟ್ಟನ್ನು ಅಲುಗಿಸಿದಾಗ ಮಿನುಗಿತು, ಮತ್ತೆ ನಿಂತಿತು. ಹಾಗಾದರೆ ದೋಷ ಇಂಜೆಕ್ಟರಿನಲ್ಲಿಲ್ಲ. ಅಲ್ಲಿಂದ ಕಂಪ್ಯೂಟರಿಗೆ ಹೋಗುವ ತಂತಿಯಲ್ಲಿದೆ. ಕ್ಲಿಪ್ಪಿನ ಕೆಳಗೆ ಇಲಿ ಕಡಿದ ಜಾಗ ಸಿಕ್ಕಿತು. ಮಲೆನಾಡಿನ ತೇವಕ್ಕೆ ತಾಮ್ರ ಹಸಿರುಗಟ್ಟಿ, ಒಂದೇ ಎಳೆ ಉಳಿದಿತ್ತು. ಇಂಜೆಕ್ಟರ್ ಬದಲಿಸುವಾಗ ತಂತಿ ಅಲುಗಿ ತಾತ್ಕಾಲಿಕವಾಗಿ ತಾಗಿಕೊಂಡಿರಬೇಕು. ಅದಕ್ಕೇ ಎರಡು ವಾರ ಕಾರು ಓಡಿತು.

ಇಲ್ಲೊಂದು ಪಾಠವಿದೆ. ಮಲ್ಟಿಮೀಟರ್ ರೋಧ ಅಳೆಯುವಾಗ ಹರಿಸುವುದು ಅತ್ಯಲ್ಪ ಪ್ರವಾಹ. ಅದಕ್ಕೆ ಒಂದೇ ಎಳೆ ಸಾಕು. ತಂತಿ ಸರಿಯಿದೆ ಎಂದು ಮೀಟರ್ ಹೇಳಿಬಿಡಬಹುದು. ಇಂಜೆಕ್ಟರಿಗೆ ಬೇಕಾದದ್ದು ಸುಮಾರು 0.9 ಆಂಪಿಯರ್. ಹಸಿರುಗಟ್ಟಿದ ಜೋಡಣೆ 5 ಓಮ್ ಸೇರಿಸಿದರೂ ಓಮ್ ನಿಯಮದಂತೆ ಪ್ರವಾಹ ಸುಮಾರು 0.67 ಆಂಪಿಯರಿಗೆ ಇಳಿಯುತ್ತದೆ. ಕವಾಟ ತಡವಾಗಿ ತೆರೆಯುತ್ತದೆ, ಇಂಧನ ಕಡಿಮೆಯಾಗುತ್ತದೆ. ಆದ್ದರಿಂದ ತಂತಿಯನ್ನು ಕೆಲಸದಲ್ಲಿರುವಾಗಲೇ ಪರೀಕ್ಷಿಸಬೇಕು. ಆಸಿಲೋಸ್ಕೋಪ್ ಇದ್ದರೆ ಇನ್ನೂ ಸುಲಭ: ಪ್ರವಾಹ ಕಡಿದ ಕ್ಷಣ ಸುರುಳಿಯಲ್ಲಿ ಹತ್ತಾರು ವೋಲ್ಟಿನ ಮೊನೆ ಏಳುತ್ತದೆ. ಇದು 1831ರಲ್ಲಿ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತ ಪ್ರೇರಣೆಯೇ. ಮೊನೆ ಇಲ್ಲವೆಂದರೆ ಸುರುಳಿಯಲ್ಲಿ ಪ್ರವಾಹವೇ ಹರಿದಿಲ್ಲ.

ಬೆಸುಗೆ, ಮೇಲೊಂದು ರಕ್ಷಣಾ ಕೊಳವೆ; ಅಷ್ಟರಲ್ಲಿ ರಿಪೇರಿ ಮುಗಿಯಿತು. ಹಳೆಯ ಇಂಜೆಕ್ಟರ್ ಕೆಟ್ಟೇ ಇರಲಿಲ್ಲ. ದೊಡ್ಡ ಆಸ್ಪತ್ರೆಗೆ ಗಂಟೆಗಟ್ಟಲೆ ಘಟ್ಟದ ದಾರಿ ಸವೆಸಬೇಕಾದ ಊರುಗಳಲ್ಲಿ ವಾಹನ ಕೈಕೊಡುವುದು ಬರೀ ಹಣದ ಪ್ರಶ್ನೆಯಲ್ಲ. ಕಂಪ್ಯೂಟರ್ ಬಂದರೆ ಸಣ್ಣ ಗ್ಯಾರೇಜಿನ ಜಾಣ್ಮೆ ಬೇಡವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಆದರೆ ಕಂಪ್ಯೂಟರ್ ಎಲ್ಲಿ ಹುಡುಕಬೇಕೆಂದು ಹೇಳುತ್ತದೆ, ಅಷ್ಟೆ. ಏನು ಕೆಟ್ಟಿದೆ ಎಂದು ಕಂಡುಕೊಳ್ಳುವುದು ಇಂದಿಗೂ ಮನುಷ್ಯನ ಕೆಲಸ. ಅದಕ್ಕೆ ಬೇಕಾದ ಭೌತವಿಜ್ಞಾನ ನಮ್ಮ ಹೈಸ್ಕೂಲಿನ ಪಠ್ಯದಲ್ಲೇ ಇದೆ.