ಬಳ್ಳಾರಿ ಸೀಮೆಯ ಸೋಂಕಿತರ ಸಂಘಟನೆ

ಒಮ್ಮೆ ತಗುಲಿದ ಸೋಂಕು ವರ್ಷಗಟ್ಟಲೆ, ಕೆಲವೊಮ್ಮೆ ಜೀವಮಾನವಿಡೀ ಕಾಡುವಾಗ ರೋಗಿಗಳೂ ಮನೆಯವರೂ ಪರಸ್ಪರ ಆಸರೆಯಾಗಿ, ಔಷಧಿಗೂ ಮಾನಕ್ಕೂ ದನಿ ಎತ್ತಿದ ಚರಿತ್ರೆ ಇದು. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು ಭಾಗದಲ್ಲಿ ಅದು ಮುಖ್ಯವಾಗಿ ಎಚ್‌ಐವಿ ಸೋಂಕಿತರ ಚರಿತ್ರೆ.

ಹಿನ್ನೆಲೆಯಲ್ಲಿ, ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟು ಹಲವರನ್ನು ಲೈಂಗಿಕ ವೃತ್ತಿಗೆ ನೂಕಿದ ದೇವದಾಸಿ ಪದ್ಧತಿ ಇದೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು. ಹಾಗಾಗಿ ಮದ್ರಾಸಿನ 1947ರ ದೇವದಾಸಿ ನಿಷೇಧ ಕಾಯ್ದೆ ಇಲ್ಲಿಗೂ ಅನ್ವಯಿಸಿತ್ತು. ಕರ್ನಾಟಕ 1982ರಲ್ಲಿ ತನ್ನದೇ ಕಾಯ್ದೆ ತಂದಿತು. ಆದರೂ 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ದೇವದಾಸಿ ಮಹಿಳೆಯರು ಗುರುತಾದರು. ಅವರು ಕಂಡುಬಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಎಚ್‌ಐವಿ ತಡೆ ಯೋಜನೆಗಳು ಇಂಥ ಹೆಂಗಸರ ಬಾಗಿಲಿಗೇ ಮೊದಲು ಬಂದವು, ಕಳಂಕವೂ ಅವರ ತಲೆಗೇ ಮೊದಲು ಸುತ್ತಿಕೊಂಡಿತು. ಅವರನ್ನು ಹುಡುಕಿದಷ್ಟು ಶ್ರದ್ಧೆಯಿಂದ ಅವರ ಬಳಿ ಬಂದ ಗಂಡಸರನ್ನು ಯಾರೂ ಹುಡುಕಲಿಲ್ಲ.

ಸೋಂಕಿತರದೇ ರಾಷ್ಟ್ರೀಯ ಒಕ್ಕೂಟ ಐಎನ್‌ಪಿ ಪ್ಲಸ್ 1997ರಲ್ಲಿ ಚೆನ್ನೈನಲ್ಲಿ ಹುಟ್ಟಿತು. ಅದೇ ವರ್ಷ ಕರ್ನಾಟಕ ರಾಜ್ಯ ಏಡ್ಸ್ ನಿಯಂತ್ರಣ ಸೊಸೈಟಿಯೂ ಸ್ಥಾಪನೆಯಾಯಿತು. ಬೆಂಗಳೂರಿನ ಫ್ರೀಡಂ ಫೌಂಡೇಶನ್ ಬಳ್ಳಾರಿಯಲ್ಲೂ ಆರೈಕೆ ಕೇಂದ್ರ ನಡೆಸಿತು. 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಆರಂಭವಾದ ಮೇಲೆ ಜಿಲ್ಲೆಯಲ್ಲಿ ಲೈಂಗಿಕ ವೃತ್ತಿನಿರತ ಮಹಿಳೆಯರ ನಡುವೆ ಸೋಂಕು ತಡೆಯುವ ಕೆಲಸ ಹೆಚ್ಚಿತು.

ದೊಡ್ಡ ತಿರುವು ತಂದದ್ದು ಗುಳಿಗೆ. 2004ರ ಏಪ್ರಿಲ್ 1ರಿಂದ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಔಷಧಿಯನ್ನು ಸರ್ಕಾರ ಉಚಿತವಾಗಿ ಕೊಡತೊಡಗಿತು. ರಾಜ್ಯದಲ್ಲಿ ಅದು ಮೊದಲು ಸಿಕ್ಕಿದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ. ಬಳ್ಳಾರಿಯವರಿಗೆ ಅದು ಸುಮಾರು 300 ಕಿ.ಮೀ. ದೂರ. ಮುಂದೆ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲೇ ಎಆರ್‌ಟಿ ಕೇಂದ್ರ ತೆರೆಯಿತು. ಸಿರುಗುಪ್ಪದವರು ಸುಮಾರು 55 ಕಿ.ಮೀ. ಬಸ್ಸಿನಲ್ಲಿ ಬಂದು, ಒಂದು ದಿನದ ಕೂಲಿ ಬಿಟ್ಟು, ಚಿಕಿತ್ಸೆಯ ಹಸಿರು ಪುಸ್ತಕ ಹಿಡಿದು ಸರದಿಯಲ್ಲಿ ಕೂರಬೇಕಾಗಿತ್ತು. ಮರಳುವಾಗ ಡಬ್ಬಿಯ ಮೇಲಿನ ಚೀಟಿ ಕಿತ್ತು, ಗುಳಿಗೆಯನ್ನು ಬೇರೆ ಪೊಟ್ಟಣಕ್ಕೆ ಸುರಿದುಕೊಳ್ಳುವವರಿದ್ದರು. ಊರಿನಲ್ಲಿ ಬಾಯಿಬಿಡದವರು ಈ ಸಾಲಿನಲ್ಲಿ ಒಬ್ಬರಿಗೊಬ್ಬರು ಪರಿಚಯವಾದರು. ಯಾರು ತಿಂಗಳ ಗುಳಿಗೆ ತಪ್ಪಿಸಿದರು, ಯಾರ ಮಗುವಿಗೆ ಸೋಂಕು ಬಾಧಿತ ಮಕ್ಕಳ ವಿಶೇಷ ಪಾಲನಾ ಯೋಜನೆಯ ಅರ್ಜಿ ಬರೆಯಬೇಕು ಎಂಬ ಮಾತು ಅಲ್ಲೇ ನಡೆಯುತ್ತಿತ್ತು. ಸಭೆ, ಭಾಷಣಗಳಿಗಿಂತ ಆಸ್ಪತ್ರೆಯ ಈ ಬೆಂಚೇ ಸಂಘಟನೆಗೆ ಹೆಚ್ಚು ಮಾಡಿದೆ ಎನ್ನಬೇಕು.

ಸೋಂಕಿತರ ಒಕ್ಕೂಟಗಳೂ ವಕೀಲರೂ ದಶಕಕ್ಕೂ ಮೀರಿ ಒತ್ತಾಯಿಸಿದ ಮೇಲೆ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಬಂತು; ಜಾರಿಯಾದದ್ದು 2018ರ ಸೆಪ್ಟೆಂಬರ್ 10ರಂದು. ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಗಳಲ್ಲಿ ಭೇದವನ್ನು ಅದು ನಿಷೇಧಿಸುತ್ತದೆ. ಒಪ್ಪಿಗೆಯಿಲ್ಲದೆ ರಕ್ತಪರೀಕ್ಷೆ ಮಾಡಕೂಡದು, ಸೋಂಕಿನ ಸಂಗತಿ ಬಯಲು ಮಾಡಕೂಡದು ಎನ್ನುತ್ತದೆ.

ದೀರ್ಘಕಾಲ ಕಾಡುವ ಇನ್ನೊಂದು ಸೋಂಕಾದ ಚಿಕೂನ್‌ಗುನ್ಯಾದ ಕಥೆ ಬೇರೆ. 2006ರಲ್ಲಿ ದೇಶದಲ್ಲಿ ಶಂಕಿತ ಪ್ರಕರಣಗಳು ಸುಮಾರು 13.9 ಲಕ್ಷ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದು. ಜ್ವರ ವಾರದಲ್ಲಿ ಇಳಿದರೂ ಕೀಲುನೋವು ಹಲವರಿಗೆ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುವ ಕಾಯಿಲೆ ಇದು. ಭತ್ತದ ನಾಡಾದ ಸಿರುಗುಪ್ಪದಲ್ಲಿ ಬೆರಳು ಮಡಚಲಾಗದ ಹೆಂಗಸಿಗೆ ನಾಟಿಯ ಕೂಲಿಯೇ ಇಲ್ಲ. ಆದರೆ ಇವರನ್ನು ತಿಂಗಳಿಗೊಮ್ಮೆ ಒಂದೆಡೆ ಕೂಡಿಸುವ ಗುಳಿಗೆಯೂ ಇಲ್ಲ, ಕೇಂದ್ರವೂ ಇಲ್ಲ. ಎಚ್‌ಐವಿಗೆ ಬೆಳೆದಂಥ ಒಕ್ಕೂಟ ಈ ನೋವಿಗೆ ಬೆಳೆಯಲಿಲ್ಲ. ಕೋವಿಡ್ ನಂತರದ ಸುಸ್ತು, ಉಬ್ಬಸಗಳದ್ದೂ ಇದೇ ಪಾಡು. ಹೊರದೇಶಗಳಲ್ಲಿ ರೋಗಿಗಳೇ ಗುಂಪು ಕಟ್ಟಿ ಗಲಾಟೆ ಮಾಡಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಕೋವಿಡ್ ನಂತರದ ಈ ಸ್ಥಿತಿಗೊಂದು ವ್ಯಾಖ್ಯೆ ಕೊಟ್ಟಿತು. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕುಷ್ಠರೋಗದಿಂದ ಗುಣಮುಖರಾದವರಿಗೆ ಜಾಗವಿದೆ. ಆದರೆ ಚಿಕೂನ್‌ಗುನ್ಯಾ, ಕೋವಿಡ್ ಬಿಟ್ಟುಹೋದ ಈ ಎರಡು ನೋವುಗಳ ಹೆಸರು ಅದರಲ್ಲಿಲ್ಲ.