ಸಾಲಿ ಬಾಗಿಲು, ಮೈಮೇಲಿನ ಅಂಗಿ

ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರು ೧೯೯೭ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ೧೯೪೮ರವರೆಗೆ ನವಾಬರ ಸಂಸ್ಥಾನ, ಆಮೇಲೆ ಅದೂ ಧಾರವಾಡಕ್ಕೇ ಸೇರಿತು. ಆದ್ದರಿಂದ ಈ ನಾಕೂ ಊರಿನ ಸಾಲಿಗಳ ಚರಿತ್ರೆ ಕೇಳೋರು ಮೊದಲು ಧಾರವಾಡದ ಸರಕಾರಿ ಸಾಲಿಯ ಬಾಗಿಲಿಗೆ ಬರಬೇಕು.

೧೮೫೬ರಲ್ಲಿ ಆ ಬಾಗಿಲಿಗೆ ಒಬ್ಬ ಮಹಾರ ಹುಡುಗ ಬಂದ. ಫೀ ಕೊಡಲು ತಯಾರಿದ್ದ. ಒಳಗೆ ಬಿಡಲಿಲ್ಲ. ಜೂನ್‌ನಲ್ಲಿ ಮುಂಬಯಿ ಸರಕಾರಕ್ಕೆ ಅರ್ಜಿ ಹೋಯಿತು. ಒಬ್ಬನ ಸಲುವಾಗಿ ಉಳಿದವರೆಲ್ಲ ಸಾಲಿ ಬಿಟ್ಟಾರು ಎಂದು ಸರಕಾರ ಕೈ ತೊಳಕೊಂಡಿತು. ೧೮೫೮ರಲ್ಲಿ ಅದೇ ಸರಕಾರ ಹೊಸ ಮಾತು ಹೇಳಿತು: ಪೂರ್ತಿ ಸರಕಾರದ ಖರ್ಚಿನ ಸಾಲಿ ಎಲ್ಲರಿಗೂ ತೆರೆದದ್ದು. ಊರವರೂ ದುಡ್ಡು ಹಾಕಿದಲ್ಲಿ, ಅವರು ಬೇಡವೆಂದರೆ, ನಮ್ಮವರನ್ನು ಒಳಗೆ ಸೇರಿಸುವ ವಿಚಾರ ಸರಕಾರಕ್ಕಿಲ್ಲ. ಅನುದಾನ ನಿಲ್ಲಿಸುವ ಹಕ್ಕನ್ನು ಮಾತ್ರ ತನ್ನ ಕೈಯಲ್ಲಿಟ್ಟುಕೊಂಡಿತು.

ದುಡ್ಡು ಯಾರದೋ ಬಾಗಿಲು ಅವರದು. ೧೮೬೦ರ ದಶಕದಲ್ಲಿ ಕಂದಾಯದ ರೂಪಾಯಿಗೆ ಒಂದು ಆಣೆ ಪಟ್ಟಿ ಬಂತು, ಅದರಲ್ಲಿ ಮೂರನೇ ಒಂದು ಪಾಲು ಸಾಲಿಗೆ. ಹೊಲ ಗೌಡರ ಹೆಸರಿನಲ್ಲಿ, ಬೆವರು ನಮ್ಮದು. ಪಟ್ಟಿ ಕೊಟ್ಟವರು ಯಾರು, ಓದುವವರೇ ಹೇಳಲಿ. ೧೯೨೩ರ ಕಾಯಿದೆ ಪ್ರಾಥಮಿಕ ಸಾಲಿಗಳನ್ನು ಲೋಕಲ್ ಬೋರ್ಡುಗಳ ಕೈಗೆ ಕೊಟ್ಟಿತು. ಅದೇ ವರ್ಷ ಎಸ್.ಕೆ. ಬೋಳೆಯವರ ಠರಾವು ಮುಂಬಯಿ ಶಾಸನಸಭೆಯಲ್ಲಿ ಪಾಸಾಗಿ ಸಾರ್ವಜನಿಕ ಬಾವಿ, ಸಾಲಿಗಳನ್ನು ನಮಗೂ ತೆರೆಯಿತು, ಕಾಗದದ ಮೇಲೆ.

ಇನ್ನು ಅರಿವೆಯ ಮಾತು. ಯೂನಿಫಾರ್ಮ್ ಬರುವ ಮೊದಲು ಉಡುಪಿಗೆ ಕಾಯಿದೆ ಇರಲಿಲ್ಲ ಎಂದರೆ ನಂಬಬೇಡಿ. ಕಾಯಿದೆ ಊರಲ್ಲಿತ್ತು. ನಮ್ಮ ಹಿರಿಯರು ಗೌಡರ ಓಣಿಯಲ್ಲಿ ಕಾಲ್ಮರಿ ಕೈಯಲ್ಲಿ ಹಿಡಿದು ನಡೆದರು. ಕಾಲ್ಮರಿ ಹೊಲಿದವರೂ ನಮ್ಮ ಕೇರಿಯವರೇ. ಬಿಳಿ ಅಂಗಿ ತೊಟ್ಟ ಹುಡುಗನಿಗೆ 'ಏನಲೇ, ಸಾಹೇಬ ಆದೇನು?' ಅನ್ನೋದು ಕಾದಿರತಿತ್ತು. ಈಗ ಸರಕಾರಿ ಸಾಲಿಯ ಮಕ್ಕಳಿಗೆ ಸರಕಾರವೇ ಅರಿವೆ ಕೊಡುತ್ತದೆ, ಬೂಟೂ ಕೊಡುತ್ತದೆ. ಅರಿವೆ ಎಷ್ಟೋ ಸಲ ಸಾಲಿ ಅರ್ಧ ವರ್ಷ ನಡೆದ ಮೇಲೆ ಬರುತ್ತದೆ, ಆ ಮಾತು ಬೇರೆ. ನಾವು ಸಮವಸ್ತ್ರದ ವಿರೋಧಿಗಳಲ್ಲ. ಒಂದೇ ಬಣ್ಣದಲ್ಲಿ ಕೇರಿಯ ಹುಡುಗ ದೂರದಿಂದ ಗುರುತು ಹತ್ತೋದಿಲ್ಲ.

೧೯೮೩ರ ಶಿಕ್ಷಣ ಕಾಯಿದೆಯ ಕೆಳಗೆ ೧೯೯೫ರಲ್ಲಿ ನಿಯಮ ಬಂತು: ಒಮ್ಮೆ ಗೊತ್ತುಮಾಡಿದ ಸಮವಸ್ತ್ರ ಐದು ವರ್ಷ ಬದಲಾಗಬಾರದು. ಬದಲಿಸುವುದಾದರೆ ಪಾಲಕರಿಗೆ ಒಂದು ವರ್ಷ ಮೊದಲು ತಿಳಿಸಬೇಕು. ಬಡವರ ಕಿಸೆ ನೋಡಿ ಮಾಡಿದ ನಿಯಮವಿದು. ೨೦೨೨ರ ಫೆಬ್ರುವರಿ ೫ರ ಸರಕಾರಿ ಆದೇಶವೂ ಅದೇ ಕಾಯಿದೆಯ ಹೆಸರಿನಲ್ಲೇ ಹೊರಟಿತು. ತಲೆಗೆ ಬಟ್ಟೆ ಹೊದ್ದ ಹುಡುಗಿಯರು ಗೇಟಿನಲ್ಲಿ ನಿಂತರು. ಮಾರ್ಚ್ ೧೫ಕ್ಕೆ ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ ೧೩ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಬರೆದರು. ಸಮಾನತೆಗೆಂದು ತಂದ ಅರಿವೆಯಿಂದಲೇ ಬಾಗಿಲಿಗೆ ಅಗುಳಿ ಹಾಕಿದರು.

ಹಳ್ಳಿಯ ಮಾಸ್ತರರೇ, ನಿಮ್ಮ ಸಾಲಿಯ ಹಳೇ ದಾಖಲಾತಿ ರಿಜಿಸ್ಟರ್ ತೆಗೀರಿ. ನಮ್ಮ ಕೇರಿಯ ಮೊದಲ ಹೆಸರು ಯಾವ ವರ್ಷ ಬಂತು, ಎಷ್ಟನೇ ಇಯತ್ತೆಗೆ ನಿಂತಿತು, ಬರೆದು ಕಳಿಸಿರಿ.