ನೀಲಿ ಬಾಣ, ಹಳದಿ ಬಾಣ

ದಕ್ಷಿಣ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮೌಂಟನ್ ಬೈಕ್ ತುಳಿಯುವವರಿಗೆ ಒಂದಲ್ಲ ಒಂದು ದಿನ ಈ ಇಕ್ಕಟ್ಟು ಎದುರಾಗುತ್ತದೆ. ಗೋಧಿ ಹೊಲಕ್ಕೂ ಮುಳ್ಳುಬೇಲಿಗೂ ನಡುವೆ ಮಣ್ಣಿನ ದಾರಿ. ದಾರಿಯ ಬದಿಯಲ್ಲಿ ಒಂದು ಮರದ ಕಂಬ, ಅದರ ಮೇಲೆ ನೀಲಿ ಬಾಣದ ಗುರುತು. ಸ್ವಲ್ಪ ದೂರ ಹೋದರೆ ಇನ್ನೊಂದು ಕಂಬ. ಅಲ್ಲಿ ಬಾಣ ಹಳದಿ. ಮಣ್ಣು ಅದೇ, ಬೇಲಿ ಅದೇ, ದಾರಿಯ ಅಗಲವೂ ಅದೇ. ಆದರೆ ನೀಲಿ ಬಾಣ ಇರುವವರೆಗೆ ಹಕ್ಕಿನಿಂದ ಬಂದ ಸವಾರ ಹಳದಿ ಬಾಣ ದಾಟಿದೊಡನೆ ಪರರ ಜಮೀನಿನಲ್ಲಿ ಅತಿಕ್ರಮಣ ಮಾಡಿದವನಾಗುತ್ತಾನೆ. ಜೈಲಿಗೆ ಹಾಕುವಂಥ ಅಪರಾಧವೇನಲ್ಲ. ಜಮೀನಿನ ಒಡೆಯ ಮಾತ್ರ "ಇಳಿದು ಹಿಂದಕ್ಕೆ ಹೋಗು" ಎನ್ನಬಹುದು.

ನೀಲಿ ಎಂದರೆ ಕುದುರೆದಾರಿ: ನಡೆಯುವವರು, ಕುದುರೆ ಸವಾರರು, ಸೈಕಲ್ಲಿನವರು ಹೋಗಬಹುದು. ಹಳದಿ ಎಂದರೆ ಕಾಲುದಾರಿ: ನಡೆಯುವವರಿಗೆ ಮಾತ್ರ. ಇಂಗ್ಲೆಂಡಿನಲ್ಲಿ ಇಂಥ ಸಾರ್ವಜನಿಕ ಹಕ್ಕುದಾರಿಗಳ ಒಟ್ಟು ಉದ್ದ ಸುಮಾರು 1,88,000 ಕಿಲೋಮೀಟರು. ಸೈಕಲ್ಲಿಗೆ ತೆರೆದಿರುವುದು ಅದರಲ್ಲಿ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು. ಯಾವ ದಾರಿ ನೀಲಿ, ಯಾವುದು ಹಳದಿ ಎಂದು ತೀರ್ಮಾನಿಸಿದವರು ಯಾರು? ಈ ಪ್ರಶ್ನೆಯ ಬೆನ್ನು ಹತ್ತಿದರೆ ಆ ದೇಶದ ಭೂಮಿಯ ಚರಿತ್ರೆಯೇ ಎದುರಾಗುತ್ತದೆ.

ದಾರಿಗಳು ಮೊದಲು ಹುಟ್ಟಿದ್ದು ಮನರಂಜನೆಗಲ್ಲ. ಸಸೆಕ್ಸಿನ ಸೌತ್ ಡೌನ್ಸ್ ಎಂಬ ಸುಣ್ಣಕಲ್ಲಿನ ಗುಡ್ಡಸಾಲನ್ನು ನೋಡಿ. ಗುಡ್ಡದ ಬುಡದಲ್ಲಿ ನೀರಿನ ಒರತೆಗಳಿವೆ, ಆ ಒರತೆಗಳ ಸಾಲಿಗೇ ಹಳ್ಳಿಗಳೂ ಬೆಳೆದಿವೆ. ಪ್ರತಿ ಹಳ್ಳಿಯ ಎಲ್ಲೆಯೂ ಉದ್ದನೆಯ ಪಟ್ಟಿಯಂತೆ ಕೆಳಗಿನ ಜೇಡಿಮಣ್ಣಿನ ಬಯಲಿನಿಂದ ಮೇಲಿನ ಹುಲ್ಲುಗಾವಲಿನವರೆಗೆ ಚಾಚಿದೆ. ಹಗಲು ಕುರಿಗಳು ಗುಡ್ಡದ ಮೇಲೆ ಮೇಯಬೇಕು, ರಾತ್ರಿ ಕೆಳಗಿನ ಹೊಲದಲ್ಲಿ ಮಂದೆ ನಿಲ್ಲಬೇಕು, ಗೊಬ್ಬರಕ್ಕಾಗಿ. ನಮ್ಮ ಬಯಲುಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗೆ ಹತ್ತಿಳಿದ ಕುರಿಗಳ ಕಾಲಿನಡಿಯಲ್ಲಿ ಸವೆದ ಕಡಿದಾದ ದಾರಿಗಳಿಗೆ ಸಸೆಕ್ಸಿನ ಆಡುಮಾತಿನಲ್ಲಿ 'ಬೊಸ್ಟಲ್' ಎನ್ನುತ್ತಾರೆ. ಇವತ್ತು ಸವಾರರು ಏದುಸಿರು ಬಿಡುತ್ತ ಗಿಯರ್ ಬದಲಿಸುವ ಎಷ್ಟೋ ಏರುಗಳು ಹುಟ್ಟಿದ್ದು ಆ ದಿನಚರಿಯಿಂದ.

ಪಕ್ಕದ ಹ್ಯಾಂಪ್‌ಶೈರಿನಲ್ಲಿ ಮಣ್ಣು ಮೆದು. ಅಲ್ಲಿ ಬಂಡಿಯ ಗಾಲಿ ಮತ್ತು ಮಳೆನೀರು ಸೇರಿ ದಾರಿಯನ್ನು ನೆಲದೊಳಕ್ಕೇ ಇಳಿಸಿಬಿಟ್ಟಿವೆ. ಸೆಲ್‌ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1789ರಲ್ಲಿ ಪ್ರಕಟಿಸಿದ ತನ್ನ ಊರಿನ ನಿಸರ್ಗ ಚರಿತ್ರೆಯಲ್ಲಿ, ಹೊಲದ ಮಟ್ಟಕ್ಕಿಂತ ಹದಿನಾರು ಹದಿನೆಂಟು ಅಡಿ ಕೆಳಗಿಳಿದ ಓಣಿಗಳ ವರ್ಣನೆ ಇದೆ. ಎರಡು ಬದಿಯಲ್ಲಿ ಬೇರುಗಳು ಜೋತುಬಿದ್ದ ಇಂಥ ಓಣಿಗಳಲ್ಲಿ ಈಗಲೂ ಸೈಕಲ್ಲಿನಲ್ಲಿ ಇಳಿಯಬಹುದು.

ಬಳಕೆಯಿಂದ ಹುಟ್ಟಿದ ದಾರಿಗೆ ಆಗ ದಾಖಲೆ ಬೇಕಿರಲಿಲ್ಲ. ಜನ ಹೋಗುತ್ತಿದ್ದರು, ಆದ್ದರಿಂದ ದಾರಿ ಇತ್ತು. ಒಮ್ಮೆ ಸಾರ್ವಜನಿಕ ದಾರಿಯಾದದ್ದು ಎಂದೆಂದಿಗೂ ಸಾರ್ವಜನಿಕವೇ ಎಂಬುದು ಇಂಗ್ಲಿಷ್ ನ್ಯಾಯದ ಹಳೆಯ ಸೂತ್ರ. ಈ ನೆಮ್ಮದಿಯನ್ನು ಕಲಕಿದ್ದು ಬೇಲಿ. 1604ರಿಂದ 1914ರವರೆಗೆ ಪಾರ್ಲಿಮೆಂಟು 5,200ಕ್ಕೂ ಹೆಚ್ಚು ಕಾಯ್ದೆಗಳ ಮೂಲಕ ಸುಮಾರು 68 ಲಕ್ಷ ಎಕರೆಗೆ ಬೇಲಿ ಹಾಕಲು ಅನುಮತಿ ಕೊಟ್ಟಿತು. ಇಂಗ್ಲೆಂಡಿನ ಐದನೇ ಒಂದು ಭಾಗಕ್ಕಿಂತ ಹೆಚ್ಚಿನ ನೆಲ ಅದು. ಊರಿನವರೆಲ್ಲ ದನ ಮೇಯಿಸುತ್ತಿದ್ದ ಬಯಲು, ಸೌದೆ ಆಯುತ್ತಿದ್ದ ಕುರುಚಲು ಕಾಡು, ತುಂಡುತುಂಡಾಗಿ ಹಂಚಿಹೋಗಿದ್ದ ಹೊಲ ಎಲ್ಲವೂ ಖಾಸಗಿ ಆಸ್ತಿಯಾದವು. ಹಳೆಯ ಕಾಲುದಾರಿಗಳನ್ನು ಮುಚ್ಚುವ ಅಧಿಕಾರವೂ ಬೇಲಿ ಹಾಕಿಸಲು ಬಂದ ಕಮಿಷನರುಗಳಿಗಿತ್ತು. ಹೆಲ್ಪ್‌ಸ್ಟನ್ ಹಳ್ಳಿಗೆ ಬೇಲಿಯ ಕಾಯ್ದೆ ಬಂದದ್ದು 1809ರಲ್ಲಿ. ಆ ಊರಿನ ಕೂಲಿಕಾರನ ಮಗನೊಬ್ಬನಿಗೆ ಆಗಿನ್ನೂ ಹದಿನಾರು ವರ್ಷ. ಮುಂದೆ ಕವಿಯಾದ ಆ ಹುಡುಗ ಜಾನ್ ಕ್ಲೇರ್ ಮುಚ್ಚಿಹೋದ ದಾರಿಗಳ ದುಃಖವನ್ನು ಬದುಕಿನುದ್ದಕ್ಕೂ ಮರೆಯಲಿಲ್ಲ.

ಆದರೆ ಬೇಲಿ ಹಾಕಿದವರು ಒಂದು ಕೆಲಸ ಮಾಡಿದ್ದರು. ಮುಚ್ಚಿದ್ದನ್ನು ಮಾತ್ರವಲ್ಲ, ಉಳಿಸಿದ್ದನ್ನೂ ಬರೆದಿಟ್ಟಿದ್ದರು. ಯಾವ ಊರಿನಿಂದ ಯಾವ ಊರಿಗೆ ದಾರಿ, ಎಷ್ಟು ಅಡಿ ಅಗಲ, ಬಂಡಿಗೋ ಕುದುರೆಗೋ ಕಾಲ್ನಡಿಗೆಗೋ ಎಂದು ನಕಾಶೆ ಸಹಿತ ದಾಖಲಿಸಿದ್ದರು. ಇನ್ನೂರು ವರ್ಷಗಳ ನಂತರ ಕಳೆದುಹೋದ ದಾರಿಯೊಂದನ್ನು ಮರಳಿ ಪಡೆಯಲು ಹೊರಟವರಿಗೆ ಸಿಗುವ ಅತ್ಯಂತ ಗಟ್ಟಿಯಾದ ಸಾಕ್ಷ್ಯಗಳಲ್ಲಿ ಇದೂ ಒಂದು. ಸಾಮಾನ್ಯರ ನೆಲವನ್ನು ಕಿತ್ತುಕೊಂಡ ಕಾಗದವೇ ಅವರ ದಾರಿಯ ಹಕ್ಕುಪತ್ರವಾಗಿಯೂ ಉಳಿದುಕೊಂಡಿದೆ.

ಈ ಚರಿತ್ರೆಗೆ ಸೈಕಲ್ ಬಂದು ಸೇರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. 1888ರ ಸ್ಥಳೀಯ ಆಡಳಿತ ಕಾಯ್ದೆ ಸೈಕಲ್ಲನ್ನು 'ಬಂಡಿ' ಎಂದು ಕರೆಯಿತು. ಬಂಡಿ ಎನಿಸಿಕೊಂಡಿದ್ದರಿಂದ ರಸ್ತೆಯ ಮೇಲೆ ಅದಕ್ಕೆ ಗೌರವದ ಸ್ಥಾನ ಸಿಕ್ಕಿತು. ಆದರೆ ಕುದುರೆದಾರಿಯಲ್ಲಿ ಬಂಡಿಗೆ ಹಕ್ಕಿಲ್ಲ. ಹೀಗಾಗಿ ಆ ಮರ್ಯಾದೆಯೇ ಅಲ್ಲಿ ಸೈಕಲ್ಲಿಗೆ ಅಡ್ಡಿಯಾಯಿತು. ಸವಾರರೇನೂ ಸುಮ್ಮನಿರಲಿಲ್ಲ. ಟಾರು ರಸ್ತೆ ಬಿಟ್ಟು ಗುಡ್ಡದ ಹಾದಿ ಹಿಡಿಯುವ ಹವ್ಯಾಸಿಗಳು 1955ರಲ್ಲಿ ಲೆಮ್‌ಸ್ಟರ್ ಎಂಬ ಪುಟ್ಟ ಪೇಟೆಯ ಪಬ್ಬೊಂದರಲ್ಲಿ ಸೇರಿ 'ರಫ್ ಸ್ಟಫ್ ಫೆಲೋಶಿಪ್' ಎಂಬ ಸಂಘ ಕಟ್ಟಿದರು. ಮೌಂಟನ್ ಬೈಕ್ ಎಂಬ ಹೆಸರೇ ಆಗ ಇರಲಿಲ್ಲ. ಸಾದಾ ಸೈಕಲ್ಲನ್ನು ತುಳಿಯುತ್ತ, ತಳ್ಳುತ್ತ, ಬೇಕಾದಾಗ ಹೆಗಲ ಮೇಲೆ ಹೊತ್ತು ಅವರು ಗುಡ್ಡ ದಾಟುತ್ತಿದ್ದರು.

ಅಷ್ಟರಲ್ಲಿ ದಾರಿಗಳ ಜಾತಕ ಬರೆಯುವ ಕೆಲಸ ಶುರುವಾಗಿತ್ತು. 1932ರಲ್ಲಿ ಕಿಂಡರ್ ಸ್ಕೌಟ್ ಬೆಟ್ಟದ ಮೇಲೆ ನೂರಾರು ಜನ ಒಟ್ಟಾಗಿ ಅತಿಕ್ರಮಣ ಪ್ರವೇಶ ಮಾಡಿ, ಅವರಲ್ಲಿ ಐವರು ಜೈಲು ಸೇರಿದ್ದರು. ಅಂಥ ಹೋರಾಟಗಳ ನಂತರ, ಯುದ್ಧವೂ ಮುಗಿದು ಲೇಬರ್ ಸರ್ಕಾರ ಬಂದ ಮೇಲೆ, 1949ರ ರಾಷ್ಟ್ರೀಯ ಉದ್ಯಾನ ಕಾಯ್ದೆ ಜಾರಿಯಾಯಿತು. ಕೌಂಟಿಗಳು ತಮ್ಮಲ್ಲಿರುವ ಪ್ರತಿಯೊಂದು ಸಾರ್ವಜನಿಕ ದಾರಿಯನ್ನೂ ಒಂದು ಅಧಿಕೃತ ನಕಾಶೆಗೆ ಇಳಿಸಬೇಕು ಎಂದು ಅದು ವಿಧಿಸಿತು. ನಮ್ಮ ಕಂದಾಯ ಕಚೇರಿಗಳಲ್ಲಿ 'ನಕಾಶೆ ಕಂಡ ದಾರಿ' ಎನ್ನುತ್ತಾರಲ್ಲ, ಅದೇ ಬಗೆಯದು. ನಡೆದು ನೋಡಿ ಪಟ್ಟಿ ಮಾಡುವ ಹೊಣೆ ಹೆಚ್ಚಾಗಿ ಪ್ಯಾರಿಷ್ ಕೌನ್ಸಿಲ್‌ಗಳ ಮೇಲೆ, ಅಂದರೆ ಊರ ಪಂಚಾಯಿತಿಯಂಥ ಸಣ್ಣ ಸಭೆಗಳ ಮೇಲೆ ಬಿತ್ತು.

ನೀಲಿ ಹಳದಿಗಳ ಗುಟ್ಟು ಇರುವುದು ಇಲ್ಲಿ. ಒಂದು ಊರಿನವರು ಹಳೆಯ ಕಾಗದ ಹುಡುಕಿ, ಮುದುಕರನ್ನು ಕೇಳಿ, ಶ್ರದ್ಧೆಯಿಂದ ಬರೆದರು. ಪಕ್ಕದ ಊರಿನವರು ಅವಸರದಲ್ಲಿ ಕೈತೊಳೆದುಕೊಂಡರು. ಕುದುರೆಗಳ ಕಾಲ ಮುಗಿಯುತ್ತಿದ್ದುದರಿಂದ ಕುದುರೆದಾರಿ ಎಂದು ಬರೆದರೇನು, ಕಾಲುದಾರಿ ಎಂದು ಬರೆದರೇನು ಎಂದು ಆಗ ಹಲವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಪರಿಣಾಮವಾಗಿ ಒಂದು ಪ್ಯಾರಿಷ್‌ನಲ್ಲಿ ಕುದುರೆದಾರಿಯಾಗಿ ಹೊರಟದ್ದು ಎಲ್ಲೆ ದಾಟಿದೊಡನೆ ಕಾಲುದಾರಿಯಾಗುವ ವಿಚಿತ್ರ ಇವತ್ತಿಗೂ ಹಲವು ಕಡೆ ಇದೆ. ಕುದುರೆಯೊಂದು ಊರಿನ ಗಡಿಯವರೆಗೆ ಬಂದು ಅಲ್ಲಿಂದ ಮಾಯವಾಗುತ್ತಿತ್ತೆ? ಮಾಯವಾದದ್ದು ಕುದುರೆಯಲ್ಲ, ಬರೆಯುವವರ ಶ್ರದ್ಧೆ.

1968ರಲ್ಲಿ ಇನ್ನೊಂದು ಕಾಯ್ದೆ ಬಂದು ಕುದುರೆದಾರಿಗಳಲ್ಲಿ ಸೈಕಲ್ ಸವಾರಿಗೆ ಹಕ್ಕು ಕೊಟ್ಟಿತು. ಷರತ್ತುಗಳಿದ್ದವು. ನಡೆಯುವವರಿಗೂ ಕುದುರೆಗಳಿಗೂ ದಾರಿ ಬಿಡಬೇಕು. ಸೈಕಲ್ಲಿಗೆ ಅನುಕೂಲವಾಗುವಂತೆ ದಾರಿಯನ್ನು ಸರಿಪಡಿಸುವ ಹೊಣೆ ಯಾರ ಮೇಲೂ ಇಲ್ಲ. ಬನ್ನಿ, ಆದರೆ ಕೆಸರಿಗೆ ನಾವು ಜವಾಬ್ದಾರರಲ್ಲ ಎಂಬ ಧಾಟಿ! ದಪ್ಪ ಟೈರಿನ ಸೈಕಲ್ಲುಗಳಲ್ಲಿ ಕ್ಯಾಲಿಫೋರ್ನಿಯಾದ ಯುವಕರು ಬೆಟ್ಟ ಇಳಿಯಲು ಶುರುಮಾಡಿದ್ದು ಎಪ್ಪತ್ತರ ದಶಕದಲ್ಲಿ. ಆ ಸೈಕಲ್ಲು ಇಂಗ್ಲೆಂಡಿಗೆ ಬಂದು ಜನಪ್ರಿಯವಾದದ್ದು ಎಂಬತ್ತರ ದಶಕದಲ್ಲಿ. ಹಕ್ಕು ಮೊದಲೇ ಬಂದು ಕಾದಿತ್ತು, ವಾಹನ ಆಮೇಲೆ ಬಂತು.

2020ರಲ್ಲಿ ಸೈಕ್ಲಿಂಗ್ ಯುಕೆ ಸಂಸ್ಥೆ 'ಕಿಂಗ್ ಆಲ್ಫ್ರೆಡ್ಸ್ ವೇ' ಎಂಬ 350 ಕಿಲೋಮೀಟರಿನ ಸುತ್ತುದಾರಿಯನ್ನು ಪರಿಚಯಿಸಿತು. ವಿಂಚೆಸ್ಟರಿನಲ್ಲಿರುವ ಆಲ್ಫ್ರೆಡ್ ದೊರೆಯ ಪ್ರತಿಮೆಯ ಬಳಿ ಹೊರಟು, ಸ್ಟೋನ್‌ಹೆಂಜ್ ನೋಡಿ, ಕಲ್ಲಿನ ವೃತ್ತದ ಒಳಗೇ ಮನೆಗಳಿರುವ ಏವ್‌ಬರಿ ಹಳ್ಳಿ ಹಾದು, ರಿಜ್‌ವೇ ಎಂಬ ಪುರಾತನ ಏಣುದಾರಿ ಹಿಡಿದು, ಕೊನೆಗೆ ಸೌತ್ ಡೌನ್ಸ್ ವೇ ಮೂಲಕ ಮತ್ತೆ ವಿಂಚೆಸ್ಟರಿಗೆ ಮರಳುತ್ತದೆ. ಹೊಸದಾಗಿ ಕಡಿದ ದಾರಿಯೇನಲ್ಲ ಇದು. ಇದ್ದ ನೀಲಿ ಬಾಣಗಳನ್ನೂ ಬಂಡಿದಾರಿಗಳನ್ನೂ ಹಳ್ಳಿ ರಸ್ತೆಗಳನ್ನೂ ಒಂದಕ್ಕೊಂದು ಪೋಣಿಸಿದ ಸರ. ರಿಜ್‌ವೇಯ ಪಶ್ಚಿಮದ ಅರ್ಧವನ್ನು ಸೈಕಲ್ಲಿನಲ್ಲಿ ದಾಟಬಹುದು. ಥೇಮ್ಸ್ ನದಿಯ ಆಚೆಗಿನ ಪೂರ್ವಾರ್ಧದಲ್ಲಿ ಹಲವು ತುಣುಕುಗಳು ಹಳದಿ ಬಾಣದವು. ಒಂದೇ ಹೆಸರಿನ ದಾರಿ, ಎರಡು ಹಣೆಬರಹ.

ಈ ಹಣೆಬರಹ ತಿದ್ದಲು ಸಾಧ್ಯವೆ? ಸಾಧ್ಯ, ಸಾಕ್ಷ್ಯ ಬೇಕು. ಬೇಲಿಯ ದಾಖಲೆಗಳ ಜೊತೆಗೆ 1910ರ ತೆರಿಗೆ ಕಾಯ್ದೆಯ ನಕಾಶೆಗಳೂ ನೆರವಿಗೆ ಬರುತ್ತವೆ. ತಮ್ಮ ಜಮೀನಿನಲ್ಲಿ ಸಾರ್ವಜನಿಕ ದಾರಿ ಇದೆ ಎಂದು ತೋರಿಸಿದರೆ ಆಗ ಒಡೆಯರಿಗೆ ರಿಯಾಯಿತಿ ಸಿಗುತ್ತಿತ್ತು. ತೆರಿಗೆ ಉಳಿಸಲು ಅಜ್ಜ ಒಪ್ಪಿಕೊಂಡ ದಾರಿಯನ್ನು ಮೊಮ್ಮಗ ಅಲ್ಲಗಳೆಯುವುದು ಕಷ್ಟ. ಆದರೆ ಹುಡುಕಾಟಕ್ಕೆ ಗಡುವೊಂದು ಬಂತು. 1949ಕ್ಕಿಂತ ಹಳೆಯದಾದ ದಾರಿ 2026ರ ಜನವರಿ 1ರೊಳಗೆ ನಕಾಶೆಗೆ ಏರದಿದ್ದರೆ ಅದರ ಹಕ್ಕು ಅಳಿಯುತ್ತದೆ ಎಂದು 2000ದ ಕಾಯ್ದೆ ಹೇಳಿತು. ಎಂದೆಂದಿಗೂ ಎಂಬ ಹಳೆಯ ಸೂತ್ರಕ್ಕೆ ದಿನಾಂಕ ಬಿತ್ತು. ರ‍್ಯಾಂಬ್ಲರ್ಸ್ ಸಂಘದ ಸ್ವಯಂಸೇವಕರು 2020ರಲ್ಲಿ ಹಳೆಯ ಮತ್ತು ಹೊಸ ನಕಾಶೆಗಳನ್ನು ಹೋಲಿಸಿ, ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 49,000 ಮೈಲಿಗೂ ಹೆಚ್ಚು ದಾರಿ ಬಿಟ್ಟುಹೋಗಿರಬಹುದು ಎಂದು ಗುರುತಿಸಿದರು. ಗಡುವು ಮೊದಲು 2031ಕ್ಕೆ ಮುಂದೆ ಹೋಯಿತು. 2024ರ ಕೊನೆಯಲ್ಲಿ ಸರ್ಕಾರ ಇಂಗ್ಲೆಂಡಿನ ಮಟ್ಟಿಗೆ ಅದನ್ನು ತೆಗೆದೇ ಹಾಕುವುದಾಗಿ ಪ್ರಕಟಿಸಿತು.

ಹಳೆಯ ಕಾಗದವೇ ಇಲ್ಲದ ದಾರಿಗೂ ಒಂದು ಉಪಾಯ ಉಳಿದಿದೆ. ಇಪ್ಪತ್ತು ವರ್ಷ ಜನ ತಡೆಯಿಲ್ಲದೆ ಬಳಸಿದ ದಾರಿಯನ್ನು ಒಡೆಯ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದಾನೆ ಎಂದೇ ಕಾನೂನು ಭಾವಿಸುತ್ತದೆ, ಅವನು ಹಾಗೆ ಉದ್ದೇಶಿಸಿರಲಿಲ್ಲ ಎಂದು ತೋರಿಸದ ಹೊರತು. ಬಳಕೆ ಮೂರು ಬಗೆಯಲ್ಲಿ ಶುದ್ಧವಾಗಿರಬೇಕು: ಬಲಾತ್ಕಾರದಿಂದ ಅಲ್ಲ, ಕದ್ದುಮುಚ್ಚಿ ಅಲ್ಲ, ಅಪ್ಪಣೆ ಪಡೆದೂ ಅಲ್ಲ. ಮೂರನೆಯದು ಸೋಜಿಗದ ಷರತ್ತು. ಅಪ್ಪಣೆ ಕೊಟ್ಟು ಬಿಟ್ಟ ದಾರಿ ಒಡೆಯನ ದಯೆ. ಯಾರನ್ನೂ ಕೇಳದೆ, ಹಗಲು ಹೊತ್ತಿನಲ್ಲಿ, ತನ್ನದೇ ಎಂಬಂತೆ ನಡೆದ ದಾರಿ ಜನರ ಹಕ್ಕು.

ಹಾಗಾಗಿ ಇಂಗ್ಲೆಂಡಿನ ಹಳ್ಳಿಗಳಲ್ಲಿ ಈಗಲೂ ವಯಸ್ಸಾದವರು ಕೂತು ಸಾಕ್ಷ್ಯದ ಅರ್ಜಿ ತುಂಬುತ್ತಾರೆ. ಯಾವ ವರ್ಷದಿಂದ ಈ ದಾರಿಯಲ್ಲಿ ಹೋಗುತ್ತಿದ್ದೀರಿ? ನಡೆದೋ, ಕುದುರೆಯ ಮೇಲೋ, ಸೈಕಲ್ಲಿನಲ್ಲೋ? ಯಾರಾದರೂ ತಡೆದರೆ? ಹೋಗಲು ಯಾರ ಅಪ್ಪಣೆಯನ್ನಾದರೂ ಪಡೆದಿದ್ದಿರಾ? ಶಾಲೆಗೆ ಹೋದದ್ದನ್ನು, ಚರ್ಚಿಗೆ ಹೋದದ್ದನ್ನು, ಹಣ್ಣು ಕೀಳಲು ಹೋದದ್ದನ್ನು ನೆನಪಿಸಿಕೊಂಡು ಒಂದೊಂದಾಗಿ ಬರೆಯುತ್ತಾರೆ. ಕೊನೆಯ ಪ್ರಶ್ನೆಗೆ ದಾರಿಯನ್ನು ಉಳಿಸುವ ಉತ್ತರ ಒಂದೇ: ಇಲ್ಲ.